ನಿಂತು ನೋಡುವ ಶಾಂತಕ್ಕ

ಶಾಂತಕ್ಕ ಕುಳಿತು ಆ್ಯಪ್ ಪರೀಕ್ಷಿಸಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಪುಣೆಯ ವಿಮಾನ ನಗರದ ನಮ್ಮ ಆಫೀಸಿನಲ್ಲಿ ಎಲ್ಲರಂತೆ ಅವರಿಗೂ ಒಂದು ತಿರುಗುವ ಕುರ್ಚಿ ಇತ್ತು. ಅದರಲ್ಲಿ ದಿನವಿಡೀ ಅವರ ಸ್ವೆಟರ್ ಕುಳಿತಿರುತ್ತಿತ್ತು. ಅವರು ಮಾತ್ರ ಗೋಡೆ ಬದಿಯ ಎತ್ತರದ ಕಬ್ಬಿಣದ ಬೀರುವಿನ ಹತ್ತಿರ ನಿಂತು, ಬಲಗೈ ಎತ್ತಿ ಅದರ ಮೇಲಂಚು ಹಿಡಿದು, ಹೆಗಲಿಗೆ ಊಟದ ಡಬ್ಬಿಯ ಚೀಲ ಹಾಕಿಕೊಂಡು, ಎಡಗೈಯೊಂದರಲ್ಲೇ ಫೋನ್ ಹಿಡಿದು ಹೆಬ್ಬೆರಳು ಓಡಿಸುತ್ತಿದ್ದರು. ನಡುನಡುವೆ, ಯಾರೋ ಹಿಂದಿನಿಂದ ತಳ್ಳಿದರೇನೋ ಎಂಬಂತೆ, ಬೇಕೆಂದೇ ಓಲಾಡುತ್ತಿದ್ದರು. ಹೊಸದಾಗಿ ಸೇರಿದವರು ಇದನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೆ.

"ನಗ್ರಿ, ನಗ್ರಿ. ನಿಮ್ಮ ಆ್ಯಪ್ ವಾಪರಸೋ ಮಂದಿ ಎಸಿ ಒಳಗ ಕುರ್ಚಿ ಮ್ಯಾಲ ಕುಂತಿರ್ತಾರೇನ್ರಿ? ನಿಂತ್ ನೋಡ್ರಿ, ಆಮ್ಯಾಲ ನಗ್ರಿ," ಅನ್ನುತ್ತಿದ್ದರು.

ಅವರು ವಿಜಯಪುರದ ಕಡೆಯವರು. ಗಂಡ ರೈಲ್ವೆಯಲ್ಲಿ, ಮನೆ ದೌಂಡದಲ್ಲಿ. ದಿನಾ ಬೆಳಿಗ್ಗೆ ಅಲ್ಲಿಂದ ಪುಣೆಗೆ ರೈಲು, ಸಂಜೆ ಮತ್ತೆ ರೈಲು. ಕುಳಿತು ಬಂದ ದಿನ ಹಬ್ಬದ ಕಳೆ ಇರುತ್ತಿತ್ತು ಮುಖದಲ್ಲಿ. ನಾವು ಬರೆದ ಕೋಡಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಎಲ್ಲ ಸರಿಯಾಗಿದೆ ಅನ್ನಿಸಿದರೆ ಕಂಪ್ಯೂಟರಿನಲ್ಲಿ ತಮ್ಮ ಹೆಸರಿನ ಮುಂದೆ 'ಪಾಸ್' ಒತ್ತುತ್ತಿದ್ದರು. ಅವರು ಒತ್ತದ ಹೊರತು ಆ್ಯಪ್ ಹೊರಗೆ ಹೋಗುವಂತಿರಲಿಲ್ಲ. ಒತ್ತುವುದರಲ್ಲಿ ಭಾರೀ ಜಿಪುಣಿ.

ನಾನು ಮೈಸೂರಿನಿಂದ ಬಂದ ಹೊಸತರಲ್ಲಿ ಮರಾಠಿಯ ಗಂಧವೂ ಇಲ್ಲದೆ ಒದ್ದಾಡುತ್ತಿದ್ದಾಗ, ನನ್ನ ಮನೆ ಮಾಲೀಕನಿಗೆ ಫೋನ್ ಹಚ್ಚಿ, ಊಟದ ಹೊತ್ತೆಲ್ಲ ಜಗಳವಾಡಿ, ನೀರಿನ ಪಂಪು ರಿಪೇರಿ ಮಾಡಿಸಿಕೊಟ್ಟವರು ಇವರೇ. ಫೋನ್ ಇಟ್ಟು ನನ್ನ ಕಡೆ ತಿರುಗಿ, "ತಮ್ಮಾ, ನೀ ಭಾಳ ಸಾವಕಾಶ ಮಾತಾಡ್ತಿ. ನೀ ಮಾತ ಮುಗಸೋದ್ರಾಗ ಅಂವ ಫೋನ್ ಇಟ್ಟ್ ಚಾ ಕುಡದ ಬರ್ತಾನ," ಎಂದು ರೇಗಿಸಿದ್ದರು. ಅಂದಿನಿಂದ ನನಗೆ ಅವರು ಶಾಂತಕ್ಕ.

ಈ ಶಾಂತಕ್ಕನಿಗೂ ನನಗೂ ಜಟಾಪಟಿ ಆದದ್ದು ಒಂದು ಪಟ್ಟಿಯ ವಿಷಯಕ್ಕೆ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ಹೆಣ್ಣುಮಕ್ಕಳನ್ನು ಪಾಳಿಗೆ ಕರೆದೊಯ್ಯುವ ಬಸ್ಸುಗಳ ಕಂಪನಿಯೊಂದಕ್ಕೆ ನಾವು ಆ್ಯಪ್ ಮಾಡಿದ್ದೆವು. ಬಸ್ಸು ಎಲ್ಲಿದೆ ನೋಡಬಹುದು, ಡ್ರೈವರಿಗೆ ಸಂದೇಶ ಕಳಿಸಬಹುದು, ತೊಂದರೆಯಾದರೆ 'ಸಹಾಯ' ಒತ್ತಬಹುದು. ಆದರೆ ಇದೆಲ್ಲ ಪರದೆಯ ಮೇಲ್ಮೂಲೆಯ ಮೂರು ಗೀಟುಗಳ ಹಿಂದೆ ಅಡಗಿತ್ತು. ಒಂದು ಕೈಯಲ್ಲಿ ಫೋನ್ ಹಿಡಿದವರ ಹೆಬ್ಬೆರಳು ಅಲ್ಲಿಗೆ ಎಟುಕುವುದಿಲ್ಲ ಎಂದು ಹಟ ಹಿಡಿದವರೇ ಶಾಂತಕ್ಕ. ಕಂಪನಿಯವರೂ ಒಪ್ಪಿದರು. ಪರದೆಯ ಬುಡದಲ್ಲಿ ಒಂದು ಪಟ್ಟಿ, ಅದರಲ್ಲಿ ಮನೆ, ಬಸ್ಸು, ಸಂದೇಶ, ಸಹಾಯ ಎಂಬ ನಾಲ್ಕು ಟ್ಯಾಬು. ಕೊನೆಯದನ್ನು ಮುಟ್ಟಿದರೆ ಸಾಕು, ಬಸ್ ಕಂಪನಿಯ ಕಾವಲಿನವರ ಫೋನು ಸೈರನ್ನಿನಂತೆ ಕೂಗಿ ಒಂದು ಗಾಡಿ ಹೊರಡಬೇಕು. 'ಖಚಿತವೇ?' ಎಂದು ಮರುಪ್ರಶ್ನೆ ಕೇಳಕೂಡದು ಎಂಬುದು ಕಂಪನಿಯವರ ಷರತ್ತು. ಆಪತ್ತಿನಲ್ಲಿರುವವಳಿಗೆ ಉತ್ತರ ಕೊಡುತ್ತ ಕೂರಲು ಪುರುಸೊತ್ತೆಲ್ಲಿ?

ಪಟ್ಟಿ ಮಾಡಿದವನು ನಾನು. ಚೆಂದವಾಗಿಯೇ ಬಂದಿತ್ತು. ಶುಕ್ರವಾರ ಕಂಪನಿಯ ಸಾಹೇಬರೇ ನಮ್ಮ ಆಫೀಸಿಗೆ ಬಂದು ನೋಡುವವರಿದ್ದರು, ಅವತ್ತೇ ಬಿಡುಗಡೆ. ಅದೇ ಶುಕ್ರವಾರ ಶಾಂತಕ್ಕನ ಗುತ್ತಿಗೆಯೂ ಮುಗಿಯುತ್ತಿತ್ತು. ಅವರು ಕಾಯಂ ನೌಕರರಲ್ಲ. ಪ್ರತಿ ವರ್ಷ ಮ್ಯಾನೇಜರ್ ಸಚಿನ್ ಸರ್ ಸಹಿ ಹಾಕಿದರೆ ಉಂಟು, ಇಲ್ಲವಾದರೆ ಇಲ್ಲ. ಮಗಳ ಕಾಲೇಜು ನಡೆಯುತ್ತಿದ್ದುದು ಈ ಸಂಬಳದ ಮೇಲೆ.

ಬುಧವಾರ ಅವರು ಬೀರು ಹಿಡಿದುಕೊಂಡೇ ನನ್ನನ್ನು ಕರೆದರು. "ತಮ್ಮಾ, ಸಂದೇಶ ಬರೀಲಾಕ ಕೀಬೋರ್ಡ್ ತಗದ್ರ ನಿನ್ನ ಪಟ್ಟಿ ಅದರ ನೆತ್ತಿ ಮ್ಯಾಲ ಏರಿ ಕುಂದರ್ತದ. ನೋಡಿಲ್ಲೆ."

ನಿಜ. ನನ್ನ ದುಬಾರಿ ಫೋನಿನಲ್ಲಿ ಕೀಬೋರ್ಡು ಪಟ್ಟಿಯನ್ನು ಮುಚ್ಚಿಬಿಡುತ್ತಿತ್ತು. ಅವರ ಅಗ್ಗದ ಫೋನಿನಲ್ಲಿ ಪಟ್ಟಿ ಕೀಬೋರ್ಡಿನ ಜತೆ ಮೇಲೆದ್ದು, 'ಸಹಾಯ' ಸರಿಯಾಗಿ ಅಕ್ಷರಗಳ ಮೇಲಿನ ಸಾಲಿಗೆ ಅಂಟಿ ನಿಲ್ಲುತ್ತಿತ್ತು.

"ಅಕ್ಕ, ಇದು ಸಣ್ ಇಶ್ಯೂ. ನೋಡಕ್ಕೆ ಸ್ವಲ್ಪ ಚೆನ್ನಾಗಿಲ್ಲ ಅಷ್ಟೇ. ನೆಕ್ಸ್ಟ್ ರಿಲೀಸಲ್ಲಿ ಫಿಕ್ಸ್ ಮಾಡ್ತೀನಿ," ಎಂದೆ. ಸಚಿನ್ ಸರ್ ಕೂಡ ಕುರ್ಚಿಯಲ್ಲಿ ಒರಗಿ, ಎರಡೂ ಕೈಯಲ್ಲಿ ಶಾಂತಕ್ಕನ ಫೋನ್ ಹಿಡಿದು ಉದ್ದನೆಯ ಸಂದೇಶ ಬರೆದು ತೋರಿಸಿದರು. ಬೆರಳು 'ಸಹಾಯ'ಕ್ಕೆ ತಾಗಲಿಲ್ಲ, ಸೈರನ್ ಕೂಗಲಿಲ್ಲ.

ಶಾಂತಕ್ಕ ವಾದ ಮಾಡಲಿಲ್ಲ. "ನಾಳಿ ಸಂಜೀಕ ನನ್ನ ಜೋಡಿ ರೈಲಿಗೆ ಬಾ," ಅಂದರು ಅಷ್ಟೇ. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಹೋದೆ.

ಪುಣೆ ಸ್ಟೇಷನ್ನಿನಲ್ಲೇ ರೈಲಿನ ಡಬ್ಬಿ ತುಂಬಿತ್ತು. ಹಡಪಸರದಲ್ಲಿ ಇನ್ನಷ್ಟು ಜನ ನುಗ್ಗಿದಾಗ ನನ್ನ ಪಾದಗಳು ನನ್ನವೇ ಎಂಬ ನಂಬಿಕೆ ಹೋಯಿತು. ಒಂದು ಕೈ ಮೇಲಿನ ಸರಳಿಗೆ, ಇನ್ನೊಂದರಲ್ಲಿ ಶಾಂತಕ್ಕನ ಫೋನು. ಸಹಾಯದ ಕರೆ ಬರುವಂತೆ ಮಾಡಿಟ್ಟ ಆಫೀಸಿನ ಫೋನು ಅವರ ಚೀಲದಲ್ಲಿತ್ತು. "ಬಸ್ ಎಲ್ಲಿಗೆ ಬಂತು ಅಂತ ಬರಿ," ಅಂದರು. ಬರೆಯತೊಡಗಿದೆ. ಮಾಂಜರಿ ಹತ್ತಿರ ರೈಲು ಒಮ್ಮೆ ಜಗ್ಗಿತು. ನನ್ನ ಹೆಬ್ಬೆರಳು ಜಾರಿತು.

ಚೀಲದೊಳಗಿಂದ ಸೈರನ್ ಹೊಯ್ದುಕೊಂಡಿತು. ಇಡೀ ಡಬ್ಬಿ ತಿರುಗಿ ನೋಡಿತು. "ಕಾಯ್ ಝಾಲಂ? ಕಾಯ್ ಝಾಲಂ?" ಏನಾಯಿತು ಎಂದು ನಾಲ್ಕಾರು ಜನ ಒಟ್ಟಿಗೇ ಕೇಳಿದರು. ಕಿಟಕಿ ಬದಿಯಲ್ಲಿದ್ದ ಅಜ್ಜಿಯೊಬ್ಬಳು ಎದ್ದೇ ನಿಂತಳು. ನನಗೆ ಬೆವರು ಕಿತ್ತುಕೊಂಡು ಬಂತು. ಶಾಂತಕ್ಕ ಮರಾಠಿಯಲ್ಲಿ ಏನೋ ಹೇಳಿ ಎಲ್ಲರನ್ನೂ ಸಮಾಧಾನ ಮಾಡಿದರು. ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಲೋಣಿ ದಾಟಿದ ಮೇಲೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ನನ್ನ ಮುಖ ನೋಡುತ್ತಲೇ, ತಾವೇ 'ಸಹಾಯ' ಒತ್ತಿದರು. ಮತ್ತೆ ಅದೇ ಕೂಗು. ಈ ಸಲ ಒಂದಿಬ್ಬರು ಕತ್ತು ಹೊರಳಿಸಿದರು. ಅಜ್ಜಿ ಕುಳಿತಲ್ಲೇ ಮುಖ ಸಿಂಡರಿಸಿದಳು. ಉರುಳಿ ಹತ್ತಿರ ಮೂರನೆಯ ಬಾರಿ ಒತ್ತಿದಾಗ, ಅಷ್ಟು ಜನರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

"ನೋಡ್ದೆಲ್ಲ," ಅಂದರು ಶಾಂತಕ್ಕ. "ಕಾವಲಿನವ್ರೂ ಹಿಂಗಽ ಆಗ್ತಾರ. ನಾಕ ಹುಡುಗ್ಯಾರು ಸಂದೇಶ ಬರೀಲಾಕ ಹೋಗಿ ತಪ್ಪಿ ಒತ್ತಿರ್ತಾರ. ಐದನೇದಾಕಿ ಖರೇನ ಒತ್ತಿದಾಗ ಯಾರ ಬರ್ತಾರ, ಹೇಳು?"

ನನ್ನ ಸಿಟ್ಟು ಇಳಿದು, ಅದರ ಜಾಗದಲ್ಲಿ ಭಯ ಕುಳಿತಿತ್ತು.

ಶುಕ್ರವಾರ ಬೆಳಿಗ್ಗೆ ಬಂದವನೇ ಕೆಲಸಕ್ಕೆ ಕೂತೆ. ಕೀಬೋರ್ಡು ಬಂದಾಗ ಪಟ್ಟಿ ಮರೆಯಾಗಬೇಕು, ಇಷ್ಟೇ. ಮರೆಯಾಯಿತು ಕೂಡ. ಆದರೆ ಅದು ಮರೆಯಾಗುವಾಗ ಇಡೀ ಪರದೆ ಹೊಸದಾಗಿ ತೆರೆದುಕೊಂಡು, ಅರ್ಧ ಬರೆದ ಸಂದೇಶ ಅಳಿಸಿಹೋಗುತ್ತಿತ್ತು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುವ ಅಂಗಿಯಂತಾಗಿತ್ತು ಅದು. ಮಧ್ಯಾಹ್ನದ ಊಟ ಬಿಟ್ಟೆ. ಸಾಹೇಬರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಮೀಟಿಂಗ್ ಕೋಣೆಯಲ್ಲಿ ಕುಳಿತರು. ಗಾಜಿನ ಆಚೆ ಅವರು ಗಡಿಯಾರ ನೋಡುವುದು ನನಗೆ ಕಾಣುತ್ತಿತ್ತು.

ಸಚಿನ್ ಸರ್ ಬೀರುವಿನ ಹತ್ತಿರ ಬಂದರು. ದನಿ ಎತ್ತಲಿಲ್ಲ. "ಮ್ಯಾಡಮ್, ಆಜಚ ಪಾಹಿಜೆ," ಅಂದರು, ಇವತ್ತೇ ಆಗಬೇಕು ಅಂತ. ಹಳೆಯದನ್ನೇ ಪಾಸ್ ಮಾಡಿ, ಮುಂದಿನ ವಾರ ಸರಿಪಡಿಸೋಣ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಆಮೇಲೆ, ನಿಮ್ಮ ರಿನ್ಯೂವಲ್ ಕೂಡ ಇವತ್ತೇ ಸಹಿ ಮಾಡಬೇಕಲ್ಲ, ಟೇಬಲ್ ಮೇಲೇ ಇದೆ ಎಂದರು. ಬೇರೇನೂ ಹೇಳಲಿಲ್ಲ. ನನ್ನ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು.

ಶಾಂತಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ತಮ್ಮಾ, ಆತೇನು?"

"ಇಲ್ಲ ಅಕ್ಕ. ಇನ್ನೂ ಆಗ್ತಿಲ್ಲ. ಇವತ್ತು ಆಗೋ ಹಾಗೆ ಕಾಣಲ್ಲ." ಹ್ಞೂಂ ಅಂದಿದ್ದರೆ ಅವರ ಕೆಲಸ ಉಳಿಯುತ್ತಿತ್ತೋ ಏನೋ, ಆದರೆ ಅವರು ನಿಂತು ನೋಡದೆ ಬಿಡುತ್ತಿರಲಿಲ್ಲ.

ಅವರು ಬೀರುವಿನಿಂದ ಕೈ ಇಳಿಸಿದರು. ತಮ್ಮ ಕುರ್ಚಿಯ ಹತ್ತಿರ ಹೋಗಿ, ಸ್ವೆಟರ್ ಎತ್ತಿ ಮಡಿಲಿಗೆ ಹಾಕಿಕೊಂಡು, ಮೊದಲ ಬಾರಿಗೆ ಕುಳಿತುಕೊಂಡರು. "ನಾ ಒತ್ತಂಗಿಲ್ರಿ ಸರ್," ಎಂದರು. ಅದನ್ನು ಕನ್ನಡದಲ್ಲೇ ಹೇಳಿದರು. ಸಚಿನ್ ಸರ್‌ಗೆ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ.

ಸಾಹೇಬರು ಗಾಜಿನ ಆಚೆ ಜೋರಾಗಿ ಮಾತನಾಡಿ ಹೊರಟುಹೋದರು. ಆ್ಯಪ್ ಒಂದು ವಾರ ಮುಂದಕ್ಕೆ ಹೋಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಟೇಬಲ್ ಮೇಲಿದ್ದ ಕಾಗದಕ್ಕೆ ಸಹಿ ಮಾತ್ರ ಬೀಳಲಿಲ್ಲ. ಬಜೆಟ್ ಇಲ್ಲ ಎಂದು ಸಚಿನ್ ಸರ್ ನನ್ನ ಮುಖ ನೋಡದೆ ಹೇಳಿದರು. ಕೆಟ್ಟ ಮನುಷ್ಯನಲ್ಲ, ಆದರೆ ಅವತ್ತು ಅವರ ಜತೆ ಚಹಾ ಕುಡಿಯಲು ನನ್ನಿಂದಾಗಲಿಲ್ಲ.

ಮುಂದಿನ ವಾರ ಪಟ್ಟಿ ಸರಿಹೋಯಿತು. ಅಷ್ಟರಲ್ಲಿ ಶಾಂತಕ್ಕನ ಹೆಸರನ್ನು ಕಂಪ್ಯೂಟರಿನಿಂದ ತೆಗೆದಿದ್ದರು, ಪಾಸ್ ಒತ್ತುವ ಅಧಿಕಾರ ಅವರಿಗಿರಲಿಲ್ಲ. ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿ ಮರಳಿಸಲು ಅವರು ಬಂದ ದಿನ, ಸಂಜೆ ನಾನೂ ಸ್ಟೇಷನ್ನಿನ ತನಕ ಹೋದೆ. ಮುಂದೇನು ಎಂದು ಕೇಳಿದೆ. "ಸೊಲ್ಲಾಪುರದಾಗ ನೋಡ್ಲಾಕತ್ತೀನಿ. ಆ ಕಡಿ ರೈಲಿನ್ಯಾಗ ಕುಂದ್ರಲಾಕ ಜಾಗಾ ಸಿಗ್ತದಂತ," ಅಂದು ನಕ್ಕರು. ನನಗೆ ನಗು ಬರಲಿಲ್ಲ.

ರೈಲು ಬರುವ ಮೊದಲು ಅವರ ಫೋನಿಗೆ ಹೊಸ ಆ್ಯಪ್ ಹಾಕಿಕೊಟ್ಟೆ. ಪರೀಕ್ಷೆಯ ಪ್ರತಿ ಅದು. ಸಂದೇಶವೂ ಸಹಾಯದ ಕರೆಯೂ ನನ್ನ ಫೋನಿಗೆ ಬರುವಂತೆ ಇಟ್ಟಿದ್ದೆ. ಅವರು ಅದನ್ನು ತೆರೆದೂ ನೋಡದೆ ಚೀಲಕ್ಕೆ ಹಾಕಿಕೊಂಡು, "ಇಲ್ಲೆ ನೋಡಿದ್ರ ಏನ ತಿಳೀತದ," ಎಂದು ನೂಕುನುಗ್ಗಲಿನಲ್ಲಿ ಹತ್ತಿಕೊಂಡರು. ರೈಲು ಹೊರಟಾಗ ಜನರ ತಲೆಗಳ ನಡುವೆ ಸರಳು ಹಿಡಿದ ಅವರ ಕೈಯಷ್ಟೇ ನನಗೆ ಕಂಡಿತು.

ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತೆ. ಫೋನು ಅಂಗೈಯಲ್ಲಿತ್ತು. ರೈಲು ಹಡಪಸರ ಮುಟ್ಟಿರಬಹುದು ಅಂದುಕೊಂಡೆ, ಈಗ ಜನ ನುಗ್ಗುತ್ತಿರಬಹುದು. ಮಾಂಜರಿಯ ಹೊತ್ತಾಯಿತು. ಸೈರನ್ ಕೂಗಿದರೆ, ಅವರು ಕೆಲಸ ಕಳೆದುಕೊಂಡದ್ದೂ ದಂಡ. ಪಕ್ಕದಲ್ಲಿದ್ದವರು ಏನೋ ಕೇಳಿದರು, ನನಗೆ ತಲೆಗೆ ಹೋಗಲಿಲ್ಲ.

ಫೋನು ಮೆಲ್ಲಗೆ ಅದುರಿತು. ಸಂದೇಶ.

"ಲೋಣಿ ದಾಟೀತು. ಮಂದಿ ಭಾಳ ಅದ, ಒಂದಽ ಕೈಲೆ ಬರೀಲಾಕತ್ತೀನಿ. ಎರಡ ಸರ್ತಿ ಜಗ್ಗಿತು. ನಿನ್ನ ಕಡೆ ಹೊಯ್ಕೊಂಡಿಲ್ಲಲ್ಲ? ಪಾಸ್, ತಮ್ಮಾ."