ಅಕ್ಕ ಕೊಟ್ಟ ತಂಗಡಿ ಬೀಜ

ಹೋದ ಆಷಾಢದಲ್ಲಿ ಬೀರು ಕ್ಲೀನ್ ಮಾಡುವಾಗ ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿ ಕಾಗದದ ಪೊಟ್ಟಣವೊಂದು ಸಿಕ್ಕಿತು. ಬಿಚ್ಚುವ ಮೊದಲೇ ಗೊತ್ತಿತ್ತು, ತಂಗಡಿ ಬೀಜ. ಹತ್ತೊಂಬತ್ತು ವರ್ಷದಿಂದ ಅದನ್ನು ಬಿಸಾಡುವ ಧೈರ್ಯವೂ ನನಗಿರಲಿಲ್ಲ, ಬಿತ್ತುವ ಮುಖವೂ ಇರಲಿಲ್ಲ.

ಆಗ ನಾನು ಚಾಮರಾಜನಗರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹೊಸ ಕೆಲಸ, ದಿಮಾಕು ಬೇರೆ. ವಠಾರದ ಪಕ್ಕದ ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ಅವರು ಅಂಗಳದಲ್ಲಿ ಎದೆಮಟ್ಟದ ತಂಗಡಿ ಗಿಡವೊಂದನ್ನು ಬೆಳೆಸಿದ್ದರು. ಹುಲ್ಲೆಲ್ಲ ಸುಟ್ಟುಹೋಗುವ ಬೇಸಿಗೆಯಲ್ಲೂ ಅದು ಹಸಿರಾಗಿ, ಮೈತುಂಬ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತಿತ್ತು. ಪುಣಜನೂರಿನಲ್ಲಿ ಅವರಪ್ಪನ ಹೊಲದ ಬದುವಿನಿಂದ ತಂದ ಬೀಜವಂತೆ. ಅಣ್ಣಂದಿರು ಆ ಹೊಲ ಮಾರಿದ್ದರು, ಕೊಂಡವರು ಬದುವನ್ನೇ ಸವರಿಬಿಟ್ಟಿದ್ದರು.

"ತವ್ರು ಅಂತ ಉಳ್ದಿರೋದು ಇದೊಂದೇ ಕಣ್ ಮೇಷ್ಟ್ರೇ" ಅನ್ನುತ್ತಿದ್ದರು.

ಒಂದು ಬೇಸಿಗೆ ಮಗಳ ಬಾಣಂತನಕ್ಕೆಂದು ಉಮ್ಮತ್ತೂರಿಗೆ ಹೊರಟರು. "ಮಕ್ಳು ಕೊಂಬೆ ಮುರೀದಂಗೆ ವಸಿ ನೋಡ್ಕಳಿ. ನೀರು ಮಾತ್ರ ಉಯ್ಬ್ಯಾಡಿ, ಅದ್ಕಾಗಾಕಿಲ್ಲ."

ಅಕ್ಷರ ಬಾರದ ಹೆಂಗಸು ನನಗೆ ಸಸ್ಯಶಾಸ್ತ್ರ ಹೇಳಿಕೊಡುವುದೇ? ಬಿಸಿಲು ನೋಡಿ ನಾನು ದಿನಾ ಸಂಜೆ ಎರಡು ಬಕೆಟ್ ಹುಯ್ದೆ. ಎಲೆ ಹಳದಿಯಾದಾಗ ಮೂರು ಹುಯ್ದೆ. ಮರುಭೂಮಿಯ ಗಿಡಗಳ ಪಾಠವನ್ನು ಆ ವರ್ಷವೇ ಕ್ಲಾಸಿನಲ್ಲಿ ಮಾಡಿದ್ದೆ, ಥೂ ನನ್ನ ಬುದ್ಧಿಗಿಷ್ಟು...

ಅಕ್ಕ ವಾಪಸು ಬಂದಾಗ ಉಳಿದಿದ್ದದ್ದು ಬರೀ ಕಡ್ಡಿ. ಅವರು ಕೇಳುವ ಮೊದಲೇ ನಾನು, "ಈ ಸಲ ಬಿಸಿಲು ಜಾಸ್ತಿ ಅಕ್ಕ, ಒಣಗಿಹೋಯ್ತು" ಎಂದೆ.

ಅವರು ಕುಕ್ಕರುಗಾಲಲ್ಲಿ ಕೂತು ಬುಡ ಹಿಡಿದೆಳೆದರು. ಸಲೀಸಾಗಿ ಬಂತು. ಬೇರು ಕಪ್ಪಗೆ ಕೊಳೆತಿತ್ತು. ಮೂಸಿ ನೋಡಿದರು. ಆ ವಾಸನೆ ನಿಂತಲ್ಲಿಗೇ ನನ್ನ ಮೂಗಿಗೆ ಹೊಡೆಯಿತು. ಅವರು ಸೆರಗಿಗೆ ಕೈ ಒರೆಸಿಕೊಂಡು, "ಊಂ ಕಣ್ ಮೇಷ್ಟ್ರೇ, ಬಿಸ್ಲು ಬಲು ಜಾಸ್ತಿ" ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ವಠಾರದವರು ಕೇಳಿದಾಗಲೂ ಅವರು ಅದನ್ನೇ ಹೇಳಿದರು.

ಮುಂದಿನ ವರ್ಷ ನನಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವಾಗ ಅಕ್ಕ ಬಂದು ಈ ಪೊಟ್ಟಣ ಕೊಟ್ಟರು.

"ಗಿಡ ಇದ್ದಾಗ ಕಿತ್ ಮಡಗಿದ್ದೆ, ಇಷ್ಟೇ ಇರೋದು. ಓನರು ಅಂಗ್ಳಕ್ಕೆಲ್ಲ ಸಿಮೆಂಟ್ ಆಕುಸ್ತಾವ್ನೆ, ನಂಗ್ ಜಾಗಿಲ್ಲ. ನೀವು ಸ್ವಂತ ಸೈಟ್ ತಕಂಡಿದ್ದೀರಲ್ಲ, ಇಕ್ಕಳಿ. ನೀರು..." ಎಂದವರು ಅಲ್ಲಿಗೇ ನಿಲ್ಲಿಸಿ ಸುಮ್ಮನೆ ನಕ್ಕರು.

ನಾನೂ ಹಲ್ಲುಬಿಟ್ಟೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಆಮೇಲೆ ಸಿಗಲಿಲ್ಲ. ಒಂದು ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು, ಹತ್ತಲಿಲ್ಲ. ಹೋದ ವರ್ಷ ವಠಾರದ ಹಳಬರೊಬ್ಬರು ಸಿಕ್ಕಿ, ಅಕ್ಕ ತೀರಿಕೊಂಡ ಸುದ್ದಿ ಹೇಳಿದರು...

ಈಗ ಪೊಟ್ಟಣ ಸಿಕ್ಕಿದ ಮೇಲೆ ಬೀಜಗಳನ್ನು ಕಲ್ಲಿಗೆ ಉಜ್ಜಿ, ನೆನೆಸಿ ಹಾಕಿದೆ. ಎರಡು ಹುಟ್ಟಿದವು. ಈಗ ಗೇಣುದ್ದ ಆಗಿವೆ. ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ತಂಬಿಗೆ ಹಿಡಿದು ಬಂದು, "ಇದಕ್ಕೂ ಒಂದಿಷ್ಟು ನೀರು ಹಾಕ್ಲಾ?" ಎಂದಳು.

ಬೇಡ ಎಂದೆ. ಯಾಕೆಂದು ಕೇಳಿದಳು. ಅಕ್ಕನ ಗಿಡವನ್ನು ಕೊಂದವನು ನಾನೇ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

"ಇದನ್ನ ಅವರಿಗೆ ಹೇಳ್ಬೇಕಾಗಿತ್ತು" ಎಂದವಳು, ತಂಬಿಗೆಯ ನೀರನ್ನು ಆಚೆಯ ಸೀಬೆಗಿಡಕ್ಕೆ ಹುಯ್ದು ಒಳಗೆ ಹೋದಳು.