ಜಪಸರಕ್ಕೆ ಮೊದಲು ಫೋನಿನ ಬುಟ್ಟಿ

ಆ ಸಂಜೆಯೂ, ಮನೆಯವರೆಲ್ಲ ಮಣಿ ಎಣಿಸುತ್ತ ಹೇಳುವ ಜಪಸರ ಪ್ರಾರ್ಥನೆಗೆ ಕೂರುವ ಮೊದಲು ನನ್ನ ಗಂಡ ತಮ್ಮ ಫೋನನ್ನು ಬುಟ್ಟಿಗೆ ಹಾಕಿ, ನನ್ನ ಕಡೆಗೂ ಮಗಳ ಕಡೆಗೂ ಬುಟ್ಟಿ ಚಾಚಿದರು. ಮರುದಿನ ಸಿದ್ದಾಪುರದ ತೋಟದಲ್ಲಿ ಕೆಲಸದ ನಡುವೆ ಎದೆನೋವು ಬಂದು ತೀರಿಕೊಂಡರು.

ನಲವತ್ತು ದಿನ ಕಳೆದ ಮೇಲೆ ಬುಟ್ಟಿಯನ್ನು ನಾನೇ ಮಗಳ ಮುಂದೆ ಹಿಡಿದೆ. ಎಂಟನೇ ಕ್ಲಾಸಿನ ರಿಯಾ ಫೋನ್ ಬಿಡಲಿಲ್ಲ.

"ರೂಲ್ಸ್ ನಂಗೆ ಮಾತ್ರನಾ ಮಮ್ಮಿ? ಪಪ್ಪ ಫಸ್ಟ್ ಅವರದ್ದೇ ಹಾಕ್ತಿದ್ರು."

ನನ್ನ ಫೋನ್ ಮಡಿಲಲ್ಲೇ ಇತ್ತು. ಅವರು ಕಳಿಸಿದ್ದ ವಾಯ್ಸ್ ಮೆಸೇಜುಗಳು ಅದರಲ್ಲಿದ್ದುದರಿಂದ ಪ್ರಾರ್ಥನೆಯ ಹೊತ್ತಿನಲ್ಲೂ ನಾನದನ್ನು ಕೆಳಗಿಟ್ಟಿರಲಿಲ್ಲ. ಮೊದಲು ಅದನ್ನೇ ಬುಟ್ಟಿಗೆ ಹಾಕಿದೆ. ಅವಳೂ ಹಾಕಿದಳು.

ಅಂದಿನಿಂದ ಮೊದಲು ನನ್ನ ಫೋನನ್ನು ಬುಟ್ಟಿಗೆ ಹಾಕುವುದನ್ನು ಒಂದು ಸಂಜೆಯೂ ತಪ್ಪಿಸಿಲ್ಲ, ತಪ್ಪಿಸುವುದೂ ಇಲ್ಲ. ಮೊದಲ ಹತ್ತು ಮಣಿಗಳ ಪ್ರಾರ್ಥನೆ ಹೇಳಿಸುತ್ತಿದ್ದ ಅವರ ದನಿ ಮಾತ್ರ ಇಲ್ಲ.