ಬಿದ್ದ ತೊಲೆಯಿಂದ ಮಾಡಿದ ಕಪಾಟು

ಮುಳಗುಂದದ ನಮ್ಮ ಮಣ್ಣು ಹೊದಿಸಿದ ಮಾಳಿಗೆ ಮನೆಯ ತೊಲೆ ಮುರಿದು ಅಪ್ಪ ತೀರಿಕೊಂಡದ್ದು ಗದಗ ಜಿಲ್ಲೆಯಾದ ಮೇಲಿನ ಒಂದು ಮಳೆಗಾಲದಲ್ಲಿ. ಅಪ್ಪ ಪಡಸಾಲೆಯಲ್ಲಿ ಶೇಂಗಾ ಚೀಲ ಹೊಲಿಯುತ್ತಿದ್ದ. ಅವ್ವ ಅವನೆದುರಿಗೇ ಕಾಣುವ ಒಲೆಯ ಮುಂದಿದ್ದಳು. ನಾನು ಹೊರಗೆ ಕಟ್ಟೆಯ ಮೇಲಿದ್ದೆ. ಮಣ್ಣು ಕುಸಿಯುವುದಕ್ಕೆ ಮೊದಲು ಚಿಟ್ ಎಂದು ಸದ್ದಾಯಿತು. ಒಣಗಿದ ತೊಗರಿಕಟ್ಟಿಗೆ ಮುರಿದಂಥ ಸಣ್ಣ ಸದ್ದು. ಆಮೇಲಿನ ದೊಡ್ಡ ಸದ್ದು ನನಗೆ ನೆನಪಿಲ್ಲ.

ಮುಂದೆ ನಾನು ಬೆಟಗೇರಿಯಲ್ಲಿ ಬಡಗಿಯಾದೆ. ಕಟ್ಟಿಗೆ ಸೀಳುವ ಸದ್ದು ದಿನಾ ಕಿವಿಗೆ ಬೀಳುವ ಕಸುಬು. ಪ್ರತಿ ಸಲವೂ ಒಮ್ಮೆ ಮೇಲೆ ನೋಡುತ್ತೇನೆ.

ಎಷ್ಟೋ ವರ್ಷದ ಮೇಲೆ ಅದೇ ಜಾಗದಲ್ಲಿ ಕಟ್ಟಿಸಿದ ಹೊಸ ಮನೆ ಮುಗಿಯುವ ಹೊತ್ತಿಗೆ ಅವ್ವ ಆ ತೊಲೆಯ ಉಳಿದ ತುಂಡನ್ನು ಹಿತ್ತಿಲಿನಿಂದ ತರಿಸಿ, ಅಡುಗೆಮನೆಯ ಗೋಡೆಗೆ ಕಪಾಟು ಮಾಡಿಕೊಡು ಎಂದಳು.

ತಮ್ಮ ಸಿಡಿದ. "ಜೀವಾ ತಗೊಂಡ ಕಟ್ಟಿಗಿ ಮನ್ಯಾಗ ಯಾಕಬೇ? ಸುಟ್ಟ ಬಿಡೂಣು."

"ನೀರ ಕಾಸಾಕ ನಿಂಗ ಬ್ಯಾರೆ ಕಟ್ಟಿಗಿ ಸಿಗವಲ್ದೇನಲೇ?" ಎಂದಳು ಅವ್ವ. "ಅಷ್ಟ ವರ್ಷ ನಮ್ಮನ್ನೆಲ್ಲಾ ಹೊತ್ತಿತ್ತು. ಒಂದ ದಿನ ಕೈ ಬಿಡ್ತು. ಅದರ ಮ್ಯಾಲೆ ಏನ್ ಸಿಟ್ಟು ಮಾಡೂದು?"

ಹಳೆಯ ಮತ್ತಿ ಮರ, ಒಣಗಿ ಕಬ್ಬಿಣದಂತಾಗಿತ್ತು. ಸೀಳು ಬಿಟ್ಟ ಭಾಗ ಕಡಿದು ಹಾಕಿದ ಮೇಲೆ ಒಂದೇ ಒಂದು ಚೌಕಟ್ಟಿಗೆ ಸಾಲುವಷ್ಟು ಉಳಿಯಿತು. ಒಂದು ಪಟ್ಟಿ ಸೀಳಿದರೂ ಅವ್ವನ ಕಪಾಟು ಇಲ್ಲ. ಇಂಥ ಕಟ್ಟಿಗೆಗೆ ಮೊಳೆ ಹೊಡೆಯುವ ಮಾತೇ ಇಲ್ಲ. ಪಟ್ಟಿಯ ಹಿಂಬದಿಯಿಂದ ಓರೆಯಾಗಿ ತೂತು ಕೊರೆದು, ಪಾಕೆಟ್ ಸ್ಕ್ರೂ ಹಾಕಿ ಕೂಡಿಸಬೇಕು. ತುದಿಗೆ ತೀರ ಹತ್ತಿರ ಕೊರೆಯಬಾರದು. ಎದುರಿನ ಪಟ್ಟಿಯಲ್ಲೂ ಸ್ಕ್ರೂ ಹೋಗುವ ದಾರಿಗೆ ಮೊದಲೇ ಸಣ್ಣ ತೂತು ಬೇಕು. ಥ್ರೆಡ್ಡಿನ ಸುರುಳಿ ಒತ್ತೊತ್ತಾಗಿರುವ ಸ್ಕ್ರೂ ಆರಿಸಿ, ಮೇಣದಬತ್ತಿಗೆ ತಿಕ್ಕಿ, ಎರಡೂ ಪಟ್ಟಿಗಳನ್ನು ಅಲುಗದಂತೆ ಕ್ಲಾಂಪಿನಲ್ಲಿ ಹಿಡಿದು, ಡ್ರಿಲ್ ಮಷಿನ್ನಿನಿಂದ ನಿಧಾನವಾಗಿ ತಿರುವಬೇಕು. ಹಾಗೆಯೇ ಮಾಡಿದೆ. ಮೂರು ಮೂಲೆ ಕೂಡಿದವು.

ನಾಲ್ಕನೆಯದರಲ್ಲಿ ಸ್ಕ್ರೂ ಇನ್ನೇನು ಬಿಗಿಯಬೇಕು, ಚಿಟ್ ಎಂದಿತು.

ಮಷಿನ್ ಬಿಟ್ಟೆ. ಬೆಳಕಿಗೆ ಹಿಡಿದು ನೋಡಿದೆ, ಉಗುರಿನಿಂದ ಸವರಿದೆ. ಸೀಳು ಇರಲಿಲ್ಲ. ಕೂಡಿಕೆ ಕೂತ ಸದ್ದು. ತಲೆ ಎತ್ತಿದರೆ ಅವ್ವ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು, ಕಣ್ಣು ಮೇಲಿನ ಸ್ಲ್ಯಾಬಿನಲ್ಲಿ.

"ಅವತ್ತೂ ಈ ಸದ್ದ ನೀ ಕೇಳಿದ್ದೇನಬೇ?" ಎಂದೆ. ಅದುವರೆಗೆ ನಾವಿಬ್ಬರೂ ಆ ದಿನದ ಮಾತು ಎತ್ತಿರಲಿಲ್ಲ.

"ನಿಮ್ಮಪ್ಪಾರೂ ಕೇಳಿದ್ರು. ಹೊಲಿಯೂದು ಬಿಟ್ಟು ಮ್ಯಾಲೆ ನೋಡಿದ್ರು. ಆಮ್ಯಾಲೆ ನನ್ನ ಕಡೆ ನೋಡಿದ್ರು."

"ಏನರ ಅಂದ್ರೇನು?"

"ಅನ್ನಾಕ ಹೊತ್ತೆಲ್ಲಿತ್ತೋ."

ನಾನು ಮಷಿನ್ ಬದಿಗೆ ಸರಿಸಿ ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅವ್ವ ಬಂದು ಚೌಕಟ್ಟಿನ ಎರಡೂ ಬದಿ ಒತ್ತಿ ಹಿಡಿದು ಕುಳಿತಳು. "ತಿರುವು" ಎಂದಳು. ಉಳಿದ ಅರ್ಧ ಸುತ್ತನ್ನು ಕೈಯಿಂದಲೇ ತಿರುವಿದೆ. ಸ್ಕ್ರೂ ತಲೆ ಕಟ್ಟಿಗೆಗೆ ತಾಗಿದ್ದೇ ನಿಲ್ಲಿಸಿದೆ. ಸೀಳಲಿಲ್ಲ.

ಬೇರೆ ಹಲಗೆಯ ಕದ ಕೂಡಿಸಿ ಗೋಡೆಯ ಗೂಡಿಗೆ ನಿಲ್ಲಿಸಿದ ಆ ಕಪಾಟು ಈಗಲೂ ಗಟ್ಟಿಯಾಗಿದೆ. ಅವ್ವ ಅದರಲ್ಲಿ ಉಪ್ಪು, ಖಾರ, ಶೇಂಗಾ ಹಿಂಡಿ ಇಟ್ಟುಕೊಂಡಿದ್ದಾಳೆ, ದಿನಕ್ಕೆ ಎಷ್ಟೋ ಸಲ ಕದ ತೆಗೆಯುತ್ತಾಳೆ. ಊರಿಗೆ ಹೋದಾಗ ನಾನು ಆ ಗೋಡೆಗೆ ಬೆನ್ನು ಮಾಡಿ ಉಣ್ಣಲಾರೆ. ಅವ್ವನಿಗೆ ಅದು ಗೊತ್ತು. ನನ್ನ ತಾಟನ್ನು ಯಾವಾಗಲೂ ಕಪಾಟಿನ ಎದುರಿಗೇ ಇಡುತ್ತಾಳೆ.